ಗಾಳಿ ಯಾವ ಕಡೆಗಿತ್ತು

ಸವರಿಯಪ್ಪ ತನ್ನ ಪಾಪಗಳನ್ನು ನಿವೇದಿಸಿಕೊಂಡ ದಿನ ಹುಣಸೆದೊಡ್ಡಿ ಚರ್ಚಿನಲ್ಲಿ ಪಾಪನಿವೇದನೆಗೆಂದು ಮಾಡಿಸಿದ್ದ ತೇಗದ ಪೀಠ ನಡುಮಧ್ಯೆ ಪಟಾರನೆ ಸೀಳಿತು. ಒಳಗೆ ಕೂತು ಜಾಲರಿಗೆ ಕಿವಿಗೊಟ್ಟಿದ್ದ ಪಾದ್ರಿ ಸ್ವಾಮಿಗಳಿಗೆ ಬೆವರು ಕಿತ್ತುಕೊಂಡು ಕಣ್ಣು ಮೇಲಾಗಿ, ನಾಲ್ಕು ಜನ ಅವರನ್ನು ಹೊತ್ತುಕೊಂಡು ಹೋಗಿ ಗ್ಲೂಕೋಸ್ ಹಾಕಿಸಬೇಕಾಯಿತು. ಚರ್ಚಿನ ಗಂಟೆ ತಾನಾಗಿ ಬಾರಿಸಿಕೊಂಡಿತು. ಕೆರೆಯಲ್ಲಿದ್ದ ಕೊಕ್ಕರೆಗಳು ಗುಂಪಾಗಿ ಎದ್ದು ತಮಿಳುನಾಡಿನ ಕಡೆಗೆ ಹಾರಿದವು. ಇವತ್ತಿಗೂ ಹಿಂದಕ್ಕೆ ಬಂದಿಲ್ಲ.

ಇದನ್ನೆಲ್ಲ ಕಣ್ಣಾರೆ ಕಂಡು ಹೇಳಿದವನು ಸವರಿಯಪ್ಪನೇ. ಹೇಳಿದ್ದು ಹನೂರು ಬಸ್‌ಸ್ಟ್ಯಾಂಡಿನ ಎದುರಿಗಿರುವ ಮಾದಣ್ಣನ ಟೀ ಅಂಗಡಿಯಲ್ಲಿ. ಮಾದಣ್ಣ ಟೀ ಎತ್ತಿ ಹುಯ್ಯುವುದನ್ನು ನಿಲ್ಲಿಸದೆ, ಸ್ವಾಮಿಗಳು ಈಗತಾನೆ ಇದೇ ಬೆಂಚಿನ ಮೇಲೆ ಕೂತು ವಡೆ ತಿಂದು ಬೈಕು ಹತ್ತಿ ಹೋದರಲ್ಲ ಎಂದ.

"ಅದು ಗ್ಲೂಕೋಸ್ ಇಳುದ್ಮೇಲೆ ಕಣ್ಲಾ" ಎಂದ ಸವರಿಯಪ್ಪ. "ನನ್ನ ಪಾಪ ಕೇಳ್ದೋರಿಗೆ ಅಸಿವು ಜಾಸ್ತಿ ಆಯ್ತದೆ."

ಬೆಂಚಿನ ಮೇಲಿದ್ದವರು ನಕ್ಕರು. ಸವರಿಯಪ್ಪ ಮಾತ್ರ ನಗಲಿಲ್ಲ. ಟೀ ಅರ್ಧಕ್ಕೆ ಬಿಟ್ಟು ಎದ್ದ, ಬಾಗಿಲ ತನಕ ಹೋಗಿ ತಿರುಗಿ ಬಂದ, ಕೂತ, ಮತ್ತೆ ಎದ್ದ. ಬೆಂಚಿನಲ್ಲಿ ಮೊಳೆ ಇದೆಯೇನೋ ಎಂದು ಮಾದಣ್ಣ ಆಮೇಲೆ ಕೈಯಾಡಿಸಿ ನೋಡಿದನಂತೆ.

ಅದು ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲ. ಹಣೆಗೆ ಬೂದಿ ಇಟ್ಟುಕೊಂಡು ಮಾಂಸ ಬಿಟ್ಟು, ಮಾಡಿದ ತಪ್ಪಿಗೆ ಮರುಗಿ ಮನಸ್ಸು ತಿರುಗಿಸಿಕೊಳ್ಳಬೇಕಾದ ದಿನಗಳು. ದಾರಿ ತಪ್ಪಿದ ಒಬ್ಬ ಪಾಪಿ ಹಿಂದಿರುಗಿದರೆ ಸ್ವರ್ಗದಲ್ಲಿ ದೊಡ್ಡ ಸಡಗರವಾಗುತ್ತದೆ ಎಂದು ಸ್ವಾಮಿಗಳು ಭಾನುವಾರದ ಪೂಜೆಯಲ್ಲಿ ಹೇಳಿದ್ದರು. ಸವರಿಯಪ್ಪ ಅದನ್ನು ತನ್ನದೇ ರೀತಿಯಲ್ಲಿ ಕೇಳಿಸಿಕೊಂಡ. ಒಬ್ಬ ಸಾಧಾರಣ ಪಾಪಿಗೆ ಅಷ್ಟು ಸಡಗರವಾದರೆ ತನ್ನಂಥವನಿಗೆ ಸ್ವರ್ಗದಲ್ಲಿ ಪಟಾಕಿ, ಬ್ಯಾಂಡು, ಶಾಮಿಯಾನ ಎಲ್ಲ ಆಗಲೇಬೇಕು. ಅದಕ್ಕೆ ತಕ್ಕ ಪಾಪ ಬೇಕಲ್ಲ. ಜಾಲರಿಯ ಮುಂದೆ ಮೊಣಕಾಲೂರಿ, ಕಾಡಿನಲ್ಲಿ ಕಳ್ಳರ ಭಯವಿದ್ದ ಕಾಲದಲ್ಲಿ ತಾನು ಲಾರಿಗಟ್ಟಲೆ ಗಂಧ ಕಡಿದದ್ದನ್ನು ಹೇಳಿಕೊಂಡ. ಗೋಪಿನಾಥಂ ಕಡೆಯ ಕಾಡಿನಲ್ಲಿ ಮಲಗಿದ್ದ ಒಂಟಿ ಸಲಗಕ್ಕೆ ಎಚ್ಚರವಾಗದ ಹಾಗೆ ಎರಡು ದಂತವನ್ನೂ ಕುಯ್ದುಕೊಂಡು ಬಂದದ್ದನ್ನೂ ಹೇಳಿಕೊಂಡ. ಆ ಕಾಲದಲ್ಲಿ ಅವನು ಬೇಲಿಯಲ್ಲಿ ಮೊಲ ಕಂಡು ಹುಣಸೆಮರ ಹತ್ತಿದ್ದ, ಏಣಿ ಹಾಕಿ ಇಳಿಸಬೇಕಾಯಿತು ಎಂದು ಹೇಳುವವಳು ಅವನ ಹೆಂಡತಿ ಲೂರ್ದಮ್ಮ. ಹೆಂಡತಿಯರ ಮಾತನ್ನು ಎಷ್ಟು ನಂಬಬೇಕೋ ಅಷ್ಟು ನಂಬಿದರೆ ಸಾಕು.

ಸ್ವಾಮಿಗಳು ಎಲ್ಲ ಕೇಳಿ, ಪ್ರಾಯಶ್ಚಿತ್ತಕ್ಕೆ ಮೂರು ಸಲ ನಮೋ ಮರಿಯ ಪ್ರಾರ್ಥನೆ ಹೇಳಿ ಎಂದರು. ಸವರಿಯಪ್ಪನಿಗೆ ಅವಮಾನವಾಯಿತು. ಒಂದು ಆನೆಗೆ ಮೂರು ನಮೋ ಮರಿಯವೇ? ಹೊರಗೆ ಬಂದವನೇ, ತನಗೆ ವೇಳಾಂಕಣ್ಣಿಯವರೆಗೂ ಮೊಣಕಾಲಿನಲ್ಲಿ ನಡೆಯುವ ಶಿಕ್ಷೆಯಾಗಿದೆ ಎಂದು ಊರೆಲ್ಲ ಹೇಳಿಕೊಂಡು ಬಂದ.

ಇಷ್ಟೆಲ್ಲ ಹಗುರಮಾಡಿಕೊಂಡ ಮೇಲೆ ಮನುಷ್ಯ ಹತ್ತಿಯ ಹಾಗೆ ತೇಲಬೇಕಿತ್ತು. ಆದರೆ ಸವರಿಯಪ್ಪನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಉಣ್ಣುತ್ತ ಉಣ್ಣುತ್ತ ಎದ್ದು ಹಿತ್ತಲಿಗೆ ಹೋಗುತ್ತಿದ್ದ. ದನ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟುತ್ತಿದ್ದ. ಅಂಗಿ ಕೆರೆಯುತ್ತದೆಂದು ಬಿಸಾಡಿ, ಬರಿಮೈ ಕೆರೆಯುತ್ತದೆಂದು ಮತ್ತೆ ತೊಡುತ್ತಿದ್ದ. ಹೊಲಕ್ಕೆ ಹೋದರೆ ಪಡುವಣ ಬದುವಿನ ಕಡೆಗೆ ಮಾತ್ರ ಕತ್ತು ತಿರುಗಿಸುತ್ತಿರಲಿಲ್ಲ. ಆ ಬದುವಿನ ಆಚೆಗೆ ರಂಗಮ್ಮನ ಹಿಪ್ಪುನೇರಳೆ ತೋಟವಿತ್ತು.

ರಂಗಮ್ಮ ಗಂಡನಿಲ್ಲದವಳು, ಮಗ ಮಾದುವನ್ನೂ ರೇಷ್ಮೆಹುಳುವನ್ನೂ ಒಂದೇ ಕಕ್ಕುಲಾತಿಯಿಂದ ಸಾಕಿದವಳು. ಸವರಿಯಪ್ಪನನ್ನು ಅಣ್ಣ ಎನ್ನುತ್ತಿದ್ದಳು. ಅವನ ಮನೆಯ ಹಬ್ಬಕ್ಕೆ ಅವಳ ಮನೆಯಿಂದ ಬೆಲ್ಲ ಹೋಗುತ್ತಿತ್ತು, ಅವಳ ಮನೆಯ ಹಬ್ಬಕ್ಕೆ ಇವನ ತೋಟದ ಹೂ ಬರುತ್ತಿತ್ತು. ಹೋದ ವರ್ಷ ಮಾದುವಿಗೆ ಯಳಂದೂರಿನ ಹತ್ತಿರದ ಹೊನ್ನೂರಿನಿಂದ ಧನುಶ್ರೀ ಎಂಬ ಹುಡುಗಿಯನ್ನು ತಂದರು. ಈ ಸಲದ ಹುಳು ಆ ಸೊಸೆಯ ಕೈಯಲ್ಲೇ ಬೆಳೆದದ್ದು. ನಾಲ್ಕನೇ ಜ್ವರ ಬಿಟ್ಟು ಪೊರೆ ಕಳಚಿ ಎದ್ದ ಹುಳು ಬೆರಳುದಪ್ಪ ಆಗಿ, ಸೊಪ್ಪು ತಿನ್ನುವ ಸದ್ದು ಹೊರಗೆ ಮಳೆ ಬಂದ ಹಾಗೆ ಕೇಳುತ್ತಿತ್ತು. ಇನ್ನೇನು ಹಣ್ಣಾಗಿ ಬಿದಿರಿನ ಚಂದ್ರಿಕೆ ಹತ್ತಿ ಗೂಡು ಕಟ್ಟಬೇಕು, ಅಷ್ಟರಲ್ಲಿ, ಸವರಿಯಪ್ಪ ಚರ್ಚಿಗೆ ಹೋಗುವ ಕೆಲವು ದಿನ ಮುಂಚೆ, ಒಂದು ಸಂಜೆ ಹುಳುಗಳು ತಲೆಯೆತ್ತಿ ಅತ್ತಿತ್ತ ಆಡಿಸತೊಡಗಿದವು. ಹಸಿರು ನೀರು ಕಕ್ಕಿದವು. ಬೆಳಗಾಗುವಷ್ಟರಲ್ಲಿ ಮಳೆಯ ಸದ್ದು ನಿಂತುಹೋಗಿತ್ತು. ಮಾದು ಪುಟ್ಟಿಯಲ್ಲಿ ತುಂಬಿ ತುಂಬಿ ತಿಪ್ಪೆಗುಂಡಿಗೆ ಸುರಿದ.

ಹುಳುಮನೆಗೆ ಹೊರಗಾದ ಹೆಣ್ಣು ಕಾಲಿಡಬಾರದು ಎಂಬುದು ಅಲ್ಲಿಯ ಕಟ್ಟಳೆ. ಒಳಗೆ ಯಾರು ಹೋಗಿದ್ದರು ಎಂದು ರಂಗಮ್ಮ ಅಂಗಳದಲ್ಲಿ ನಿಂತು ಕೇಳಿದಳು. ಹೊರಗಾಗಿದ್ದ ಧನುಶ್ರೀ ಒಂದೇ ಮಾತಿನಲ್ಲಿ ಹೇಳಿಬಿಟ್ಟಳು.

"ನಾನೇ ಓಗಿದ್ದೆ ಅತ್ತೆ. ಊಜಿ ನೊಣದ ಬಲೆ ಬಿಚ್ಕಂಡಿತ್ತು, ಕಟ್ಬುಟ್ಟು ಬಂದೆ."

ಬಲೆ ಕಟ್ಟದೆ ಬಿಟ್ಟಿದ್ದರೆ ನೊಣ ನುಗ್ಗಿ ಹುಳು ಹಾಳಾಗುತ್ತಿತ್ತು. ಅದನ್ನು ಯಾರೂ ಎಣಿಸಲಿಲ್ಲ. ಸೊಪ್ಪಿನಲ್ಲಿ ಏನೋ ವಾಸನೆ ಇತ್ತು ಎಂದು ಅವಳು ಸೇರಿಸಿದ್ದನ್ನೂ ಯಾರೂ ಕೇಳಿಸಿಕೊಳ್ಳಲಿಲ್ಲ. ಎಲ್ಲೋ ಒಂದು ಅನುಮಾನ ಉಳಿದು, ರಂಗಮ್ಮ ಮಾತ್ರ ಬದುವಿನ ತನಕ ಬಂದು ಸವರಿಯಪ್ಪನನ್ನು ಕೂಗಿ, ನೀವೇನಾದರೂ ಔಷಧಿ ಹೊಡೆದಿರಾ ಎಂದು ಕೇಳಿದಳು.

"ತಪಸ್ಸುಕಾಲದಾಗೆ ನಾನು ಸೊಳ್ಳೆನೂ ಒಡಿಯಾಕಿಲ್ಲ ಕನವ್ವ" ಎಂದ ಸವರಿಯಪ್ಪ, "ಇನ್ನು ಔಷ್ದಿ ಒಡದೇನಾ?"

ಅಲ್ಲಿಗೆ ಅನುಮಾನ ಮುಗಿಯಿತು. ಆ ವಾರವೇ ಧನುಶ್ರೀಯನ್ನು ತವರಿಗೆ ಕಳಿಸಿದರು. ಹುಳುವನ್ನೇ ಉಳಿಸದ ಕಾಲ್ಗುಣ ವಂಶವನ್ನು ಉಳಿಸುತ್ತದೆಯೇ ಎಂದು ನೆಂಟರು ಮಾತು ತೆಗೆದರು. ಮಾದು ತಾಯಿಯ ಮುಂದೆ ಬಾಯಿ ಬಿಡದವನು. ಸುಮ್ಮನೆ ತೋಟದ ಬದುವಿನ ಮೇಲೆ ಕೂತಿರುತ್ತಿದ್ದ, ಸವರಿಯಪ್ಪನ ಕಣ್ಣಿಗೆ ನೇರವಾಗಿ.

ಈಗ ಔಷಧಿಯ ವಿಷಯ. ಸವರಿಯಪ್ಪನ ಚೆಂಡುಹೂವು ರಾಗಿಮುದ್ದೆಯಷ್ಟು ದಪ್ಪ ಬಂದಿದೆ ಎಂದು ಕೊಳ್ಳೇಗಾಲದ ಹೂವಿನ ಮಂಡಿಯಲ್ಲಿ ಅವನೇ ಡಂಗುರ ಹೊಡೆದು ಬಂದಿದ್ದ. ಬಂದು ನೋಡಿದರೆ ಮೊಗ್ಗಿಗೆ ಕಾಯಿಕೊರಕ. ಔಷಧಿ ಹೊಡೆಯುವ ಮೊದಲು ಪಕ್ಕದಲ್ಲಿ ಹುಳು ಸಾಕುವವರಿಗೆ ಒಂದು ಮಾತು ಹೇಳುವುದು, ಅವರು ಬೇಕಾದ ಸೊಪ್ಪು ಕುಯ್ದುಕೊಳ್ಳುವ ತನಕ ಕಾಯುವುದು ಆ ಸೀಮೆಯ ಮರ್ಯಾದೆ. ಕಾದರೆ ಮಂಡಿಯಲ್ಲಿ ಆಡಿದ ಮಾತು ಹೋಗುತ್ತಿತ್ತು. ಹುಳು ಹಸಿರು ಕಕ್ಕಿದ ಆ ದಿನವೇ ಬೆಳಗ್ಗೆ ಎದ್ದು, ಯಾರೂ ಬದುವಿನ ಬಳಿ ಇಲ್ಲದ್ದನ್ನು ನೋಡಿ, ಕ್ಯಾನು ಬೆನ್ನಿಗೆ ಹಾಕಿದ. ಹೆಗಲ ಮೇಲಿನ ಟವಲು ಪಡುವಣಕ್ಕೆ ಪಟಪಟ ಹಾರುತ್ತಿತ್ತು. ಆಮೇಲೆ ಕ್ಯಾನನ್ನು ಹುಲ್ಲಿನ ಬಣವೆಯೊಳಗೆ ತುರುಕಿದ್ದ. ಲೂರ್ದಮ್ಮ ಹುಲ್ಲು ಹಿರಿಯುವಾಗ ಅದು ಅವಳ ಕಾಲ ಮೇಲೇ ಬಿತ್ತು.

ಲೂರ್ದಮ್ಮ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಾಗುತ್ತಿತ್ತು, ಬೈಗುಳಕ್ಕೆ ಉತ್ತರ ಹೇಳುವುದರಲ್ಲಿ ಅವನು ಜಗತ್ತಿಗೇ ಮೊದಲಿಗ. ಅವಳು ಕ್ಯಾನನ್ನು ತೊಳೆದು, ಹಜಾರದಲ್ಲಿ ಎಲ್ಲರ ಕಣ್ಣಿಗೆ ಕಾಣುವ ಹಾಗೆ, ಈಸ್ಟರ್ ಹಬ್ಬದ ಮೇಣದಬತ್ತಿ ಇಡುವ ಗೂಡಿನ ಕೆಳಗೆ ನೇತುಹಾಕಿದಳು.

"ನೀನಾಗಿ ಯೋಳೋಗಂಟ ಅಲ್ಲೇ ಇರ್ಲಿ" ಎಂದಳು. "ನಾನು ಯೋಳಾಕಿಲ್ಲ. ನಾನು ಯೋಳುದ್ರೆ ಅದು ನಿನ್ನ ಪಾಪ ಆಗಾಕಿಲ್ಲ, ನನ್ನ ಚಾಡಿ ಆಯ್ತದೆ."

ಸವರಿಯಪ್ಪ ಹೇಳಲು ಹೊರಟದ್ದು ಸುಳ್ಳಲ್ಲ. ದಿನಕ್ಕೆ ನೂರು ಸಲ ಹೊರಟ. ಹೋಗಲಿ, ನಾಲ್ಕೈದು ಸಲವಾದರೂ ಹೊರಟ. ರಂಗಮ್ಮನ ಅಂಗಳದ ತನಕ ಹೋಗಿ ಬಾಯಿ ತೆರೆದರೆ ಆನೆ ಹೊರಗೆ ಬರುತ್ತಿತ್ತು, ಹುಳು ಬರುತ್ತಿರಲಿಲ್ಲ. ಒಂದು ದಿನ ಹುಲಿಯ ಮೀಸೆ ಕಿತ್ತ ಕಥೆ ಹೇಳಿ ಬಂದ. ಇನ್ನೊಂದು ದಿನ ಹೊಗೇನಕಲ್ಲಿನ ಸುಳಿಯಲ್ಲಿ ಬಿದ್ದ ಬಸ್ಸನ್ನು ಹಲ್ಲಿನಲ್ಲಿ ಕಚ್ಚಿ ಎಳೆದ ಕಥೆ. ರಂಗಮ್ಮ ಪಾಪ, ದುಃಖದ ನಡುವೆಯೂ ಸೆರಗು ಬಾಯಿಗಿಟ್ಟು ನಕ್ಕಳು. ಅವಳು ನಕ್ಕಷ್ಟೂ ಇವನ ಕಾಲು ನೆಲದ ಮೇಲೆ ನಿಲ್ಲದೆ ಹೋಯಿತು.

ಹಾಗಾಗಿ ಮತ್ತೆ ಚರ್ಚಿಗೆ ಹೋದ. ಮತ್ತೆ ಜಾಲರಿಯ ಮುಂದೆ ಕೂತ. ಈ ಸಲ ಇನ್ನೂ ದೊಡ್ಡದೇನಾದರೂ ಹೇಳಿದರೆ ಅದರ ಭಾರಕ್ಕೆ ಸಣ್ಣದು ತಾನಾಗಿ ಅಡಿಯಲ್ಲಿ ಸಿಕ್ಕಿ ಸತ್ತುಹೋದೀತು ಎಂಬ ಲೆಕ್ಕ. ಎರಡನೇ ಆನೆಯ ದಂತದವರೆಗೆ ಬಂದಿದ್ದ. ಸ್ವಾಮಿಗಳು ತಡೆದರು.

"ಸವರಿಯಪ್ಪನವರೇ, ಈ ಆನೆಗಳು ಯಾರದು?"

"ಕಾಡಿನವು ಸ್ವಾಮಿ. ಯಾರ್ದೂ ಅಲ್ಲ."

"ಗಂಧದ ಮರ?"

"ಸರ್ಕಾರದ್ದು."

"ಹಾಗಾದ್ರೆ ನಿಮ್ಮಿಂದ ಅತ್ತವರು ಒಬ್ಬರೂ ಇಲ್ಲ" ಎಂದರು ಸ್ವಾಮಿಗಳು. "ಇಷ್ಟು ದೊಡ್ಡ ಪಾಪಿ, ಒಬ್ಬರ ಕಣ್ಣಲ್ಲೂ ನೀರು ಬರಿಸಿಲ್ಲ."

ಸವರಿಯಪ್ಪ ಮೊಣಕಾಲು ಬದಲಿಸಿ ಊರಿದ. ಪೀಠವೂ ಸ್ವಲ್ಪ ಕಿರುಗುಟ್ಟಿತು. ದೊಡ್ಡ ಪ್ರಾಯಶ್ಚಿತ್ತ ಕೊಡಿ ಸ್ವಾಮಿ, ವೇಳಾಂಕಣ್ಣಿಗೆ ಬರಿಗಾಲಲ್ಲಿ ನಡೆದು ಹೋಗಿ ಬರುತ್ತೇನೆ ಎಂದು ಬೇಡಿಕೊಂಡ.

"ದೂರ ನಡೆಯೋದು ಸುಲಭ, ಪಕ್ಕದ ಮನೆಗೆ ನಡೆಯೋದು ಕಷ್ಟ" ಎಂದರು ಅವರು. "ಮಾಡಿದ ಪಾಪ ಎಷ್ಟು ದೊಡ್ಡದಿದ್ರೂ ದೇವರು ಕ್ಷಮಿಸ್ತಾರೆ. ಮಾಡದೇ ಇರೋದನ್ನ ಕ್ಷಮಿಸೋ ಅಧಿಕಾರ ನನಗಿಲ್ಲ. ನಿಮ್ಮ ಪಾಪಕ್ಕೆ ಎಲ್ಲೋ ಒಂದು ಮನೆಬಾಗಿಲಿದೆ. ಅಲ್ಲಿ ಹೋಗಿ ನಿಂತು ಬನ್ನಿ. ನಾನು ಇಲ್ಲೇ ಇರ್ತೀನಿ."

ಅವತ್ತು ಸವರಿಯಪ್ಪ ಮಾದಣ್ಣನ ಅಂಗಡಿಗೆ ಹೋಗಲಿಲ್ಲ. ಹನೂರಿನ ಇತಿಹಾಸದಲ್ಲಿ ಅಂಥ ದಿನ ಇನ್ನೊಂದಿಲ್ಲ.

ಬಾಗಿಲನ್ನು ಅವನು ಹುಡುಕಿಕೊಂಡು ಹೋಗಬೇಕಾಗಲಿಲ್ಲ, ಬಾಗಿಲೇ ಅವನನ್ನು ಹುಡುಕಿಕೊಂಡು ಬಂತು. ಶನಿವಾರ ರಂಗಮ್ಮ ಬಂದು, ನಾಳೆ ಹೊನ್ನೂರಿನಲ್ಲಿ ಎರಡೂ ಕಡೆಯ ಹಿರಿಯರು ಕೂತು ತೀರ್ಮಾನ ಮಾಡುತ್ತಾರೆ, ಹುಡುಗಿಯ ಸಂಬಂಧ ಬಿಡಿಸಿಕೊಳ್ಳುವುದೇ ಸರಿ ಎಂದು ನೆಂಟರೆಲ್ಲ ಹೇಳುತ್ತಾರೆ, ನಮ್ಮ ಕಡೆಯಿಂದ ಮಾತಾಡಲು ಗಂಡು ದಿಕ್ಕಿಲ್ಲ, ನೀವು ಬರಬೇಕು ಅಣ್ಣ ಎಂದಳು. ನಿಮ್ಮ ಬಾಯಿಯ ಮುಂದೆ ಯಾರ ಬಾಯಿ ನಿಲ್ಲುತ್ತದೆ ಎಂದೂ ಸೇರಿಸಿದಳು. ಲೂರ್ದಮ್ಮ ಒಳಗಿನಿಂದ ನೀರು ತಂದುಕೊಟ್ಟು, ನೇತುಹಾಕಿದ್ದ ಕ್ಯಾನಿನ ಕಡೆಗೊಮ್ಮೆ, ಗಂಡನ ಕಡೆಗೊಮ್ಮೆ ನೋಡಿ ಒಳಕ್ಕೆ ಹೋದಳು.

ಬಸ್ಸಿನಲ್ಲಿ ಹನೂರು ಬಿಟ್ಟಾಗಿನಿಂದ ಸವರಿಯಪ್ಪ ಎಲ್ಲ ಸೀಟಿನಲ್ಲೂ ಕೂತು ನೋಡಿದ. ಕಿಟಕಿಯ ಹತ್ತಿರ ಗಾಳಿ ಎಂದ, ಹಿಂದೆ ಎತ್ತಿಹಾಕುತ್ತದೆ ಎಂದ, ಮುಂದೆ ಎಂಜಿನ್ನಿನ ಬಿಸಿ ಎಂದ. ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸುವಾಗ, ಬಾಳೆಹಣ್ಣು ಕೊಳ್ಳುತ್ತಿದ್ದ ಮಾದುವನ್ನು ಪಕ್ಕಕ್ಕೆ ಕರೆದ. ಹುಡುಗನ ಗಡ್ಡ ಬೆಳೆದಿತ್ತು. ಹಣ್ಣು ಯಾರಿಗೆ ಎಂದು ಕೇಳಿದ್ದಕ್ಕೆ, ಅವಳಿಗೆ ಪುಟ್ಟಬಾಳೆ ಅಂದರೆ ಇಷ್ಟ ಎಂದ ಮಾದು. ಹೇಳಿ ನಾಚಿಕೊಂಡು, ಅವ್ವನಿಗೆ ಹೇಳಬೇಡಿ ಮಾವ ಎಂದ. ಸವರಿಯಪ್ಪನ ಬಾಯಿ ತೆರೆಯಿತು. ತಾನು ಚಿಕ್ಕಂದಿನಲ್ಲಿ ಒಂದು ಗೊನೆ ಬಾಳೆಹಣ್ಣನ್ನು ಸಿಪ್ಪೆ ಸಮೇತ ನುಂಗಿದ ಕಥೆ ಹೊರಗೆ ಬಂತು.

ಯಳಂದೂರಿನಿಂದ ಆಟೋ. ಎರಡೂ ಕಡೆ ಕಬ್ಬು, ಭತ್ತ, ತೆಂಗು. ಹೊನ್ನೂರಿನಲ್ಲಿ ಹುಡುಗಿಯ ಮನೆಯ ಜಗಲಿಯ ಮೇಲೆ ಚಾಪೆ ಹಾಸಿದ್ದರು. ಹುಡುಗಿಯ ತಾಯಿ ಚಿಕ್ಕನಿಂಗಮ್ಮ ಮಜ್ಜಿಗೆ ಕೊಟ್ಟಳು, ಯಾರ ಮುಖವನ್ನೂ ನೋಡಲಿಲ್ಲ. ಆ ಕಡೆಯ ಹಿರಿಯ ಪುಟ್ಟಸಿದ್ದಯ್ಯ, ಎಲೆಯಡಿಕೆ ಹಾಕಿಕೊಂಡು ನಿಧಾನಕ್ಕೆ ಮಾತಾಡುವ ಮನುಷ್ಯ. ಧನುಶ್ರೀ ಒಳಬಾಗಿಲ ಪಕ್ಕ ಗೋಡೆಗೆ ಒರಗಿ ನಿಂತಿದ್ದಳು. ಸೊರಗಿದ್ದಳು. ನಿಮ್ಮ ಕಡೆಯ ಮಾತೇನು ಹೇಳಿ ಎಂದು ಪುಟ್ಟಸಿದ್ದಯ್ಯ ಸವರಿಯಪ್ಪನಿಗೆ ಕೈ ಮಾಡಿದ.

ಸವರಿಯಪ್ಪ ಎದ್ದು ನಿಂತ. ಕೂತು ಮಾತಾಡಿ ಎಂದರು, ಕೂರಲಾಗಲಿಲ್ಲ. ಗಂಟಲಿನವರೆಗೆ ಹುಳು ಬಂದಿತ್ತು. ತುಟಿ ದಾಟುವಷ್ಟರಲ್ಲಿ ಆನೆಯಾಯಿತು.

"ಈ ಮಗೀದು ಏನೂ ತಪ್ಪಿಲ್ಲ ಯಜಮಾನ್ರೆ. ಹುಳು ಸತ್ತಿದ್ದು ನನ್ನಿಂದ" ಎಂದು ಶುರುಮಾಡಿದ. "ನನ್ನ ಕಣ್ಣು ಕೆಟ್ಟದ್ದು. ಈ ಕಣ್ಣು ಬಿದ್ದು ಮಾರ್ಟಳ್ಳೀಲಿ ಒಂದು ತೆಂಗಿನಮರ ಬುಡಸಮೇತ ಉರುಳ್ತು. ಅವತ್ತು ಕಿಟಕೀಲಿ ಇಣುಕಿ ಹುಳು ನೋಡ್ದೆ ನೋಡಿ, ಅಂಗೇ ಪಟಪಟ ಉದುರೋದ್ವು."

ಜಗಲಿಯ ಮೇಲೆ ನಗು ಹರಡಿತು. ಅಣ್ಣ, ಏನಣ್ಣ ಎಂದು ರಂಗಮ್ಮ ಮುಜುಗರಪಟ್ಟಳು. ಆದರೆ ಪುಟ್ಟಸಿದ್ದಯ್ಯನ ಕಣ್ಣು ಒದ್ದೆಯಾಗಿತ್ತು. ಬೇರೆ ಮತದವರು, ರಕ್ತಸಂಬಂಧವಿಲ್ಲ, ಒಂದು ಹುಡುಗಿಯ ಬಾಳು ಉಳಿಯಲಿ ಅಂತ ಇಲ್ಲದ ಅಪವಾದವನ್ನು ತಲೆಯ ಮೇಲೆ ಹೊತ್ತುಕೊಳ್ಳುತ್ತಾರಲ್ಲ, ಇಂಥವರು ಎಲ್ಲಿ ಸಿಗುತ್ತಾರೆ ಎಂದ. ಯಾರೋ ಹೌದೌದು ಎಂದರು. ಚಿಕ್ಕನಿಂಗಮ್ಮ ಮೊದಲ ಸಲ ಮುಖವೆತ್ತಿ ನೋಡಿ ಕೈಮುಗಿದಳು.

ಸವರಿಯಪ್ಪ ಬದುಕಿನಲ್ಲಿ ಹೇಳಿದ ಸುಳ್ಳಿಗೆಲ್ಲ ನಗು ಸಿಕ್ಕಿತ್ತು. ಒಬ್ಬರು ಕೈಮುಗಿದದ್ದು ಇದೇ ಮೊದಲು. ಮೈಯೆಲ್ಲ ಬೆಚ್ಚಗಾಯಿತು. ಕೂತುಬಿಡಬಹುದಿತ್ತು. ಹುಡುಗಿಯೂ ಉಳಿಯುತ್ತಿದ್ದಳು, ಮರ್ಯಾದೆಯೂ ಉಳಿಯುತ್ತಿತ್ತು. ಹನೂರಿಗೆ ಹೋಗಿ ಮಾದಣ್ಣನಿಗೆ ಹೇಳಲು ಇಷ್ಟು ದೊಡ್ಡ ಕಥೆ. ಕೂರಲು ಮೊಣಕಾಲು ಮಡಿಸಿದ.

"ದೊಡ್ಡಪ್ಪ" ಎಂದು ಸವರಿಯಪ್ಪನನ್ನು ಕರೆದಳು ಧನುಶ್ರೀ, ಒರಗಿದ ಗೋಡೆ ಬಿಟ್ಟು ಬರದೆ.

ಎಲ್ಲರೂ ಆ ಕಡೆ ತಿರುಗಿದರು.

"ನಿಮ್ಮ ಕಣ್ಣು ಬುಡಿ. ಅವತ್ತು ಬೆಳುಗ್ಗೆ ನಾನು ಬಟ್ಟೆ ಒಣಾಕ್ತಿದ್ದೆ. ನಮ್ಮ ಸೀರೆ ಆರಾಡ್ತಿದ್ದುದ್ದು ನೋಡಿವ್ನಿ. ಆದ್ರೂ ನಿಮ್ಮ ಬಾಯಲ್ಲೇ ಯೋಳಿ. ಗಾಳಿ ಯಾ ಕಡೀಕಿತ್ತು?"

ಸವರಿಯಪ್ಪ ಅರ್ಧ ಕೂತವನು ಅರ್ಧದಲ್ಲೇ ನಿಂತ. ಒಂದು ಸುಂಟರಗಾಳಿ ನೆನಪಾಯಿತು. ತಮಿಳುನಾಡಿನ ಕಡೆಯಿಂದ ಬಂದ ಹೆಲಿಕಾಪ್ಟರೂ ನೆನಪಾಯಿತು. ಎರಡೂ ತಯಾರಾಗಿ ನಾಲಗೆಯ ತುದಿಯಲ್ಲಿ ನಿಂತಿದ್ದವು. ಹುಡುಗಿ ಕಾಯುತ್ತಿದ್ದಳು. ಬಲೆ ಕಟ್ಟಿ ಬಂದೆ ಎಂದು ಒಂದೇ ಮಾತಿನಲ್ಲಿ ಹೇಳಿದವಳು. ಆ ಒಂದು ಮಾತಿಗೆ ಮನೆ ಕಳೆದುಕೊಂಡವಳು.

"ಪಡುವಣಕ್ಕೆ ಇತ್ತು" ಎಂದ. ದನಿ ಅವನದಲ್ಲದ ಹಾಗೆ ಸಣ್ಣಗಿತ್ತು. "ನಿಮ್ಮ ತೋಟದ ಕಡೀಕೇ ಇತ್ತು ಕನವ್ವ. ಚೆಂಡೂವಿಗೆ ಔಷ್ದಿ ಒಡುದಿದ್ದೆ."

ಪುಟ್ಟಸಿದ್ದಯ್ಯ ಮಾದುವಿನ ಕಡೆ ಬಾಗಿ, ಇವರ ಮಾತನ್ನು ನಂಬಬಹುದಾ ಎಂದು ಕೇಳಿದ. ಬಾಳೆಹಣ್ಣಿನ ಚೀಲ ಹುಡುಗನ ಕೈಯಲ್ಲಿ ಹಿಂಡಿಹೋಗಿತ್ತು.

"ನಂಬ್ಬೇಕು ಯಜಮಾನ್ರೆ" ಎಂದ ಸವರಿಯಪ್ಪ. "ತೆಂಗಿನಮರ ಸುಳ್ಳು. ಆನೆ ಸುಳ್ಳು, ನಾನು ಆನೆ ಕಂಡುದ್ದೇ ಬಸ್ಸಿನೊಳ್ಗಿಂದ. ಚರ್ಚ್‌ನ ಪೀಠ ಸೀಳಿದ್ದೂ ಸುಳ್ಳು, ಅದ್ಕೆ ಗೆದ್ದಲಿಡ್ದದೆ. ಇದು ಸುಳ್ಳಲ್ಲ. ಕ್ಯಾನು ನಮ್ಮ ಅಜಾರದಾಗೆ ನೇತಾಡ್ತದೆ, ಬಂದು ನೋಡ್ಬೌದು."

ರಂಗಮ್ಮನ ನೋಟ ಸೊಸೆಯ ಕಾಲ ಮೇಲಿತ್ತು, ಮಾತು ಸವರಿಯಪ್ಪನಿಗಿತ್ತು.

"ನಾನು ಬದುವ್ಗೆ ಬಂದು ಕೇಳ್ದಾಗ?"

"ಸುಳ್ಳೇಳ್ದೆ."

"ಮದ್ಯಾನ ನಾನೂ ಇವ್ಳೂ ಸೊಪ್ಪು ಕುಯ್ತಿದ್ವಲ್ಲ. ಕಂಡಿದ್ರಾ?"

"ಕಂಡಿದ್ದೆ. ಚೆಂಡೂವಿನ ಸಾಲಲ್ಲೇ ನಿಂತಿದ್ದೆ."

"ಕೂಗಿದ್ರೆ ಕೇಳ್ತಿತ್ತಲ್ಲಣ್ಣ."

ಅದಕ್ಕೊಂದು ಕಾರಣ ಬೇಕಿತ್ತು. ಸವರಿಯಪ್ಪ ಹುಡುಕಿದ. ಹುಲಿ, ಸುಳಿ, ಸುಂಟರಗಾಳಿ, ಯಾವುದೂ ಬರಲಿಲ್ಲ. ಅವನ ಕಾಲು ಎಷ್ಟೋ ದಿನದ ಮೇಲೆ ಅಲ್ಲಾಡದೆ ನಿಂತಿತ್ತು.

"ಕೇಳ್ತಿತ್ತು ಕನವ್ವ" ಎಂದ. "ಕೂಗ್ನಿಲ್ಲ."